ಅಮ್ಮ 13 ವರ್ಷದಿಂದ ಕೊಲೊರಾಡೋದಲ್ಲಿದ್ದಾರೆ, ಹಿರಿಯರ ಆಸ್ತಿ ತೆರಿಗೆ ವಿನಾಯಿತಿ ಸಿಗುತ್ತಾ?

ರಾಜ್ಯದಲ್ಲಿ ಎಷ್ಟು ವರ್ಷ ಇದ್ದಾರೆ ಅನ್ನೋದು ಇಲ್ಲಿ ಲೆಕ್ಕಕ್ಕೇ ಇಲ್ಲ. ಈಗಿನ ಮನೆಯಲ್ಲಿ ಒಂಬತ್ತನೇ ವರ್ಷ, ಮಂಡಿನೋವಿಗೆ ಈ ವರ್ಷ ಮೆಟ್ಟಿಲಿಲ್ಲದ ಮನೆಗೆ ಕರೆದೊಯ್ಯುತ್ತೇವೆ ಅಂತ ಬರೆದಿದ್ದೀರಲ್ಲ, ಅದನ್ನು ಓದಿ ಎದೆ ಧಸಕ್ಕೆಂದಿತು. ನಾನೂ ಅದನ್ನೇ ಮಾಡಿದ್ದು.

ಡೆನ್ವರ್ ಹತ್ತಿರ ನಾವು ಮನೆ ತಗೊಂಡಿದ್ದು 2006ರ ಆಗಸ್ಟ್‌ನಲ್ಲಿ. ವಾಷಿಂಗ್ ಮಷೀನ್ ಬೇಸ್‌ಮೆಂಟಿನಲ್ಲಿತ್ತು. ಒದ್ದೆ ಬಟ್ಟೆಯ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಹದಿಮೂರು ಮೆಟ್ಟಿಲು, ಮೆಟ್ಟಿಲಿಗೊಂದು ‘ಅಯ್ಯೋ ಶಿವನೇ’. ಸಾಕಾಗಿ 2016ರ ಏಪ್ರಿಲ್‌ನಲ್ಲಿ ಮಾರಿ, ಚಿಕ್ಕ ಮನೆಗೆ ಬಂದೆವು. ಮರುವರ್ಷ, 65 ತುಂಬಿತಲ್ಲ ಅಂತ ಅರ್ಜಿ ಹಿಡಿದು ಕೌಂಟಿ ಅಸೆಸರ್ ಕಚೇರಿಗೆ, ಅಂದರೆ ತೆರಿಗೆಗಾಗಿ ಆಸ್ತಿಗೆ ಬೆಲೆ ಕಟ್ಟುವ ಜಿಲ್ಲಾ ಕಚೇರಿಗೆ ಹೋದೆ. ಕೌಂಟರಿನ ಹುಡುಗಿ ಕಾಗದ ನನ್ನ ಕಡೆ ತಿರುಗಿಸಿ, ಮನೆ ಕೊಂಡ ತಾರೀಕಿನ ಮೇಲೆ ಪೆನ್ನಿನ ತುದಿ ಇಟ್ಟಳು. ಬಾಯಿ ಬಿಡಲಿಲ್ಲ.

ಆ ವರ್ಷದ ಜನವರಿ 1ಕ್ಕೆ 65 ತುಂಬಿರಬೇಕು. ಜೊತೆಗೆ ಅದೇ ಮನೆ ಸ್ವಂತದ್ದಾಗಿ, ಅದರಲ್ಲೇ ವಾಸವಾಗಿ, ಜನವರಿ 1ಕ್ಕೆ ಸತತ ಹತ್ತು ವರ್ಷ ಆಗಿರಬೇಕು. ಹಳೇ ಮನೆಯ ಒಂಬತ್ತು ವರ್ಷ ಎಂಟು ತಿಂಗಳು ಹೊಸ ಮನೆಯ ಖಾತೆಗೆ ಜಮಾ ಆಗಲ್ಲ. ಅಲ್ಲೇ ಇದ್ದಿದ್ದರೆ 2017ರಿಂದಲೇ ಸಿಗುತ್ತಿತ್ತು. ಬಿಟ್ಟು ಬಂದಿದ್ದಕ್ಕೆ ಎಣಿಕೆ ಸೊನ್ನೆಯಿಂದ ಶುರು, 2027ರವರೆಗೆ ಕಾಯಬೇಕು. ಮಷೀನನ್ನು ಅಡುಗೆಮನೆ ಪಕ್ಕಕ್ಕೆ ತಂದಿದ್ದರೆ ಮುಗಿದುಹೋಗುತ್ತಿತ್ತು! ಪ್ಲಂಬರ್ ಖರ್ಚು ಜಾಸ್ತಿ ಅಂತ ಸುಮ್ನೆ ಬಿಟ್ಟೆವು.

ಹೊಟ್ಟೆ ಉರಿಸಿದ್ದು ಇನ್ನೊಂದು. ಮನೆ ಬದಲಿಸಿದ ಹಿರಿಯರಿಗೂ ರಿಯಾಯಿತಿ ಕೊಡುವ ವ್ಯವಸ್ಥೆ 2025 ಮತ್ತು 2026ಕ್ಕೆ ಬಂತು. ಆದರೆ ಮೊದಲು ಈ ವಿನಾಯಿತಿ ಪಡೆದಿದ್ದವರಿಗೆ ಮಾತ್ರ. ನಾನು ಪಡೆದೇ ಇರಲಿಲ್ಲ.

ಮನೆ ಬೆಲೆಯ ಮೊದಲ 2 ಲಕ್ಷ ಡಾಲರಿನಲ್ಲಿ ಅರ್ಧಕ್ಕೆ ತೆರಿಗೆ ಬೀಳಲ್ಲ, ವರಮಾನವನ್ನೂ ಕೇಳಲ್ಲ. ರಾಜ್ಯದ ಹತ್ತಿರ ದುಡ್ಡಿಲ್ಲದಿದ್ದರೆ ನಿಲ್ಲಿಸುವುದೂ ಉಂಟು, 2003ರಿಂದ 2005 ಮತ್ತು 2009ರಿಂದ 2011ರವರೆಗೆ ಹಾಗೆ ಮಾಡಿದ್ದರು. ಆದರೂ ಇದಕ್ಕಾಗಿ ಇನ್ನೊಂದಿಷ್ಟು ದಿನ ಕಾಯಬಹುದು, ಅಲ್ವಾ?

ನನ್ನ ಕೇಳಿದರೆ, ಈಗ ಅಮ್ಮನನ್ನು ಕದಲಿಸಲೇಬೇಡಿ. ಮಲಗುವ ಕೋಣೆ ಕೆಳಗೆ ಮಾಡಿ, ಮೆಟ್ಟಿಲಿಗೆ ಎರಡೂ ಕಡೆ ಹಿಡಿಕೆ ಹಾಕಿಸಿ. ಮನೆಯನ್ನು ನಿಮ್ಮ ಹೆಸರಿಗೆ ಬರೆಸಿಕೊಳ್ಳುವ ಯೋಚನೆ ಇದ್ದರೆ ಅದನ್ನೂ ಬಿಡಿ. ಇವತ್ತು ರಾತ್ರಿಯೇ ಮನೆಯ ಡೀಡ್ (ಕ್ರಯಪತ್ರ) ತೆಗೆದು ತಾರೀಕು ನೋಡಿ. ಹತ್ತು ವರ್ಷ ದಾಟಿ ಬರುವ ಮೊದಲ ಜನವರಿ ಆದಮೇಲೆ, ಜುಲೈ 15ರೊಳಗೆ ಅರ್ಜಿ ಕೊಡಿ.