ಹಳೇ ಪೆಟ್ರೋಲ್ ಕಾರು, ಬಿಸಿಯಾದ ಮೇಲೆ ಮಿಸ್ಸಿಂಗ್ (ಸಿಲಿಂಡರ್ ಆಗಾಗ ಉರಿಯದೆ ಎಂಜಿನ್ ತಡವರಿಸುತ್ತೆ), ನಿಂತಲ್ಲೇ ಆರ್‌ಪಿಎಂ 900ರಿಂದ 1,800ರವರೆಗೆ ಏರಿಳಿತ. ಎರಡೂ ಬೇರೆ ಬೇರೆ ಕಾಯಿಲೆ ಅನ್ನಿಸುತ್ತೆ. ಮೊದಲು ಸ್ಪಾರ್ಕ್ ಪ್ಲಗ್ ಬದಲಿಸಲೋ, ಇಗ್ನಿಷನ್ ಕಾಯಿಲೋ?

ಎರಡೂ ಬೇಡ. ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ.

ಆರ್‌ಪಿಎಂ ಮುಳ್ಳು 900ರಿಂದ 1,800ರವರೆಗೆ ಉಯ್ಯಾಲೆ ಆಡುತ್ತೆ ಅಂದಿದ್ದೀರಿ. ನನ್ನದೂ ಥೇಟ್ ಹೀಗೇ ಆಡುತ್ತಿತ್ತು. ಪ್ಲಗ್, ಕಾಯಿಲ್, ಐಡಲ್ ವಾಲ್ವ್, ಪೆಟ್ರೋಲ್ ಪಂಪ್ ಎಲ್ಲ ಹೊಸದು ಹಾಕಿದ್ದಾಯಿತು. ಕೊನೆಗೆ ಸಿಕ್ಕಿದ್ದು ಹೆಬ್ಬೆರಳು ಗಾತ್ರದ ಒಂದು ರಬ್ಬರ್ ಎಲ್ಬೋ. ಪಿಸಿವಿ ವಾಲ್ವ್‌ನಿಂದ (ಎಂಜಿನ್ ಒಳಗಿನ ಹೊಗೆಯನ್ನು ಮತ್ತೆ ಉರಿಯಲು ಕಳಿಸುವ ವಾಲ್ವ್) ಇನ್‌ಟೇಕ್ ಮ್ಯಾನಿಫೋಲ್ಡ್‌ಗೆ, ಅಂದರೆ ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆಗೆ, ಹೋಗುವಂಥದ್ದು. ಮೇಲಿನಿಂದ ಹೊಸದರ ಹಾಗಿತ್ತು. ಕೆಳಗಿನ ಮಡಿಕೆಯಲ್ಲಿ ಬೆರಳಾಡಿಸಿದಾಗ ಉಗುರು ಸೀಳಿನೊಳಗೆ ಹೋಯಿತು.

ಆ ಬಿಡಿಭಾಗಗಳ ಖರ್ಚು ಹೋಗಲಿ. ನಿಜವಾದ ತಪ್ಪು ಥ್ರಾಟಲ್ ಸ್ಟಾಪ್ ಸ್ಕ್ರೂ, ಅಂದರೆ ಗಾಳಿ ಒಳಬಿಡುವ ಥ್ರಾಟಲ್ ಎಲ್ಲಿಯವರೆಗೆ ಮುಚ್ಚಬೇಕು ಅಂತ ತಡೆಯುವ ಸ್ಕ್ರೂ, ತಿರುಗಿಸಿದ್ದು. ಅದೇಕೆ ಅಂತ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಯಾಕೆಂದರೆ ಬಾನೆಟ್ ತೆಗೆದವರ ಕೈ ಮೊದಲು ಹೋಗುವುದೇ ಅಲ್ಲಿಗೆ. ಸೀಳಿನಿಂದ ಗಾಳಿ ನುಗ್ಗಿ ಆರ್‌ಪಿಎಂ ಏರುತ್ತೆ. ಥ್ರಾಟಲ್ ಪೂರ್ತಿ ಮುಚ್ಚಿದೆ, ಆದರೂ ಎಂಜಿನ್ ಜೋರಾಗಿ ತಿರುಗುತ್ತಿದೆ: ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಇದನ್ನು ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಹೋಗುತ್ತಿದ್ದಾರೆ ಅಂತ ತಿಳಿದು ಪೆಟ್ರೋಲ್ ನಿಲ್ಲಿಸುತ್ತೆ. ಆರ್‌ಪಿಎಂ ಬೀಳುತ್ತೆ, ಪೆಟ್ರೋಲ್ ಮತ್ತೆ ಬರುತ್ತೆ, ಮತ್ತೆ ಏರುತ್ತೆ. ಉಯ್ಯಾಲೆ ಅಂದರೆ ಇದೇ. ಸ್ಕ್ರೂ ಅರ್ಧ ಸುತ್ತು ಒಳಗೆ ತಿರುಗಿಸಿದೆ, ಥ್ರಾಟಲ್ ಕೂದಲೆಳೆಯಷ್ಟು ತೆರೆಯಿತು. ಥ್ರಾಟಲ್ ಪೊಸಿಷನ್ ಸೆನ್ಸರ್ 'ಮುಚ್ಚಿದೆ' ಅನ್ನುವುದನ್ನು ನಿಲ್ಲಿಸಿತು, ಪೆಟ್ರೋಲ್ ಕಟ್ ಆಗುವುದೂ ನಿಂತಿತು. ಮುಳ್ಳು 1,300ರಲ್ಲಿ ಕದಲದೆ ನಿಂತಿತು, ನಾನು ಗೆದ್ದೆ ಅಂದುಕೊಂಡೆ. ಸೀಳು ಮಾತ್ರ ಬೆಳೆಯುತ್ತಲೇ ಇತ್ತು. ಮೈಲೇಜ್ ಬಿತ್ತು. ತಿಂಗಳುಗಳ ನಂತರ ಎಲ್ಬೋ ಬದಲಿಸಿದರೂ ಐಡ್ಲಿಂಗ್ ಸರಿಹೋಗಲಿಲ್ಲ, ಕಂಪನಿಯಿಂದ ಬಂದ ಸ್ಕ್ರೂ ಸೆಟ್ಟಿಂಗ್ ನಾನೇ ಕಳೆದಿದ್ದೆನಲ್ಲ!

ಮಿಸ್ಸಿಂಗ್ ಬೇರೆ ಕಾಯಿಲೆ ಅಂತ ನೀವು ಹಿಡಿದಿದ್ದೀರಿ, ನಾನು ಒಪ್ಪುವುದಿಲ್ಲ. ಲೀಕ್ ಒಂದು ಸಿಲಿಂಡರ್‌ನ ದಾರಿಗೆ ಹತ್ತಿರವಿದ್ದರೆ ಅದೊಂದಕ್ಕೇ ಗಾಳಿ ಹೆಚ್ಚಾಗಿ ಮಿಶ್ರಣ ತೆಳುವಾಗುತ್ತೆ, ಅದೊಂದೇ ಮಿಸ್ ಹೊಡೆಯುತ್ತೆ. ಹಾಗಾಗಿ ಗಾಳಿಯಿಂದ ಶುರುಮಾಡಿ.

ಎಂಜಿನ್ ತಣ್ಣಗಿರುವಾಗ ಮೊದಲು ಕೂಲೆಂಟ್ ಮಟ್ಟ ನೋಡಿ. ಕೆಲವು ಹಳೇ ಕಾರುಗಳಲ್ಲಿ ಫಾಸ್ಟ್ ಐಡಲ್ ವಾಲ್ವ್ (ತಣ್ಣನೆಯ ಎಂಜಿನ್‌ಗೆ ಹೆಚ್ಚು ಗಾಳಿ ಬಿಡುವಂಥದ್ದು) ಮುಚ್ಚಿಕೊಳ್ಳುವುದೇ ಬಿಸಿ ಕೂಲೆಂಟ್‌ನಿಂದ. ಕೂಲೆಂಟ್ ಕಮ್ಮಿಯಾದರೆ ಅಥವಾ ಅದರಲ್ಲಿ ಗಾಳಿ ಸಿಕ್ಕಿಕೊಂಡಿದ್ದರೆ ವಾಲ್ವ್ ತೆರೆದೇ ಇರುತ್ತೆ, ಇದೇ ಏರಿಳಿತ ಬರುತ್ತೆ. ಆಮೇಲೆ ಎಂಜಿನ್ ಪೂರ್ತಿ ಬಿಸಿ ಮಾಡಿ. ತಣ್ಣಗಿರುವಾಗ ಕಚ್ಚಿಕೊಂಡಿರುವ ರಬ್ಬರ್ ಬಿಸಿಗೆ ಬಾಯಿ ಬಿಡುತ್ತೆ, ನಾನು ತಣ್ಣನೆಯ ಎಂಜಿನ್ ಪರೀಕ್ಷಿಸಿ ಏಮಾರಿದ್ದು ಹಾಗೆ. ಮ್ಯಾನಿಫೋಲ್ಡ್‌ಗೆ ಹೋಗುವ ಪಿಸಿವಿ, ಬ್ರೇಕ್ ಬೂಸ್ಟರ್, ಪರ್ಜ್ (ಟ್ಯಾಂಕ್‌ನ ಪೆಟ್ರೋಲ್ ಆವಿ ತರುವ) ಹೋಸ್‌ಗಳನ್ನು ಬಟ್ಟೆ ಸುತ್ತಿದ ಇಕ್ಕಳದಲ್ಲಿ ಒಂದೊಂದಾಗಿ ಒತ್ತಿಹಿಡಿಯಿರಿ, ಮ್ಯಾನಿಫೋಲ್ಡ್‌ಗೆ ಆದಷ್ಟು ಹತ್ತಿರದಲ್ಲಿ. ಯಾವುದನ್ನು ಒತ್ತಿದಾಗ ಉಯ್ಯಾಲೆ ನಿಲ್ಲುತ್ತೋ ಆ ದಾರಿಯಲ್ಲಿ ಹುಡುಕಿ. ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಸುತ್ತ ಸ್ಪ್ರೇ ಬಾಟಲಿಯಲ್ಲಿ ಸ್ವಲ್ಪ ಸ್ವಲ್ಪ ನೀರು ಹೊಡೆದು ಸದ್ದು ಬದಲಾಗುತ್ತಾ ಕೇಳಿ. ಕಾರ್ಬ್ ಕ್ಲೀನರ್ ಇನ್ನೂ ಚೆನ್ನಾಗಿ ತೋರಿಸುತ್ತೆ, ಆದರೆ ಬಿಸಿ ಎಕ್ಸಾಸ್ಟ್ ಮೇಲೆ ಬಿದ್ದರೆ ಬೆಂಕಿ ಹತ್ತಿಕೊಳ್ಳುತ್ತೆ. ಸ್ಮೋಕ್ ಟೆಸ್ಟ್ (ಒಳಗೆ ಹೊಗೆ ಬಿಟ್ಟು ಎಲ್ಲಿ ಸೋರುತ್ತೆ ನೋಡುವುದು) ಮಾಡುವವರು ಸಿಕ್ಕರೆ ಈ ಸರ್ಕಸ್ ಬೇಕಿಲ್ಲ.

ಓಬಿಡಿ ಸಾಕೆಟ್ (ಸ್ಕ್ಯಾನರ್ ಚುಚ್ಚುವ ಜಾಗ) ಇದ್ದರೆ ಫ್ಯೂಯಲ್ ಟ್ರಿಮ್ ಓದಿ, ಅಂದರೆ ಇಸಿಯು ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚು-ಕಮ್ಮಿ ಮಾಡುತ್ತಿದೆ ಅನ್ನುವ ಲೆಕ್ಕ. ಐಡ್ಲಿಂಗ್‌ನಲ್ಲಿ ಪ್ಲಸ್ 20ರ ಹತ್ತಿರ, 2,500 ಆರ್‌ಪಿಎಂನಲ್ಲಿ ಪ್ಲಸ್ 5ಕ್ಕೆ ಇಳಿದರೆ ಗಾಳಿ ಲೀಕ್. ಲೋಡ್ ಏರಿದಂತೆ ಟ್ರಿಮ್ ಕೂಡ ಏರಿದರೆ ಪೆಟ್ರೋಲ್ ಸಾಲುತ್ತಿಲ್ಲ: ಫಿಲ್ಟರ್, ಪಂಪ್, ಇಲ್ಲವೇ ಕೊಳೆ ಹಿಡಿದ ಏರ್‌ಫ್ಲೋ ಸೆನ್ಸರ್.

ಗಾಳಿಯ ದಾರಿ ಸರಿಯಿದ್ದೂ ಮಿಸ್ಸಿಂಗ್ ಉಳಿದರೆ ಮಾತ್ರ ಕಿಡಿಯ ಕಡೆ ಹೋಗಿ. ಎಂಜಿನ್ ಓಡುವಾಗ ಪ್ಲಗ್ ವೈರ್ ಎಳೆಯುವುದು ಹಳೇ ಅಭ್ಯಾಸ. ಬೇಡ, ಶಾಕ್ ಹೊಡೆಯುತ್ತೆ, ಕಾಯಿಲ್ ಸುಡಬಹುದು. ಬದಲಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್‌ಗಳ ಕನೆಕ್ಟರ್ ಒಂದೊಂದೇ ಬಿಚ್ಚಿ ನೋಡಿ. ಯಾವುದನ್ನು ಬಿಚ್ಚಿದರೂ ಆರ್‌ಪಿಎಂ ಬೀಳುವುದಿಲ್ಲವೋ ಆ ಸಿಲಿಂಡರ್ ಕೆಲಸ ಮಾಡುತ್ತಿಲ್ಲ. ಪ್ರತಿ ಸಿಲಿಂಡರ್‌ಗೂ ಒಂದೊಂದು ಕಾಯಿಲ್ ಇದ್ದರೆ ಆ ಕಾಯಿಲ್ ಪಕ್ಕದ್ದಕ್ಕೆ ಹಾಕಿ. ಪಿ0302 (ಎರಡನೇ ಸಿಲಿಂಡರ್ ಮಿಸ್ಸಿಂಗ್) ಕೋಡ್ ಪಿ0303 (ಮೂರನೇದು) ಆದರೆ ಕಳ್ಳ ಆ ಕಾಯಿಲ್ ತಾನೇ. ಕೋಡ್ ಕದಲದಿದ್ದರೆ ಪ್ಲಗ್ ಅದಲುಬದಲು ಮಾಡಿ, ಆಮೇಲೆ ಇಂಜೆಕ್ಟರ್. ಪ್ಲಗ್ ವೈರ್ ಇರುವ ಕಾರಾದರೆ ಕತ್ತಲಲ್ಲಿ ಬಾನೆಟ್ ತೆಗೆದು ನೋಡಿ, ಸೋರುವ ವೈರ್ ಮೇಲೆ ನೀಲಿ ಕಿಡಿ ಹರಿದಾಡುತ್ತೆ.

ಅದಕ್ಕೂ ಬಗ್ಗದಿದ್ದರೆ ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗಿನ ಒತ್ತಡ. ಪೆಟ್ರೋಲ್ ಮತ್ತು ಇಗ್ನಿಷನ್ ಎರಡನ್ನೂ ನಿಲ್ಲಿಸಿ, ಪ್ಲಗ್ ಎಲ್ಲ ಬಿಚ್ಚಿ, ಥ್ರಾಟಲ್ ಪೂರ್ತಿ ತೆರೆದು, ಸ್ಟಾರ್ಟರ್ ತಿರುಗಿಸುತ್ತಾ ಅಳೆಯಿರಿ. ಒಂದು ಸಿಲಿಂಡರ್ ಉಳಿದವಕ್ಕಿಂತ ಬಹಳ ಕಮ್ಮಿ ಬಂದರೆ ಒಂದು ಟೀ ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯಿರಿ. ಏರಿದರೆ ಪಿಸ್ಟನ್ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್.

ಚೆಕ್ ಎಂಜಿನ್ ದೀಪ ಮಿಟುಕುತ್ತಿದ್ದರೆ ಇದೆಲ್ಲ ಮುಗಿಯುವವರೆಗೆ ಕಾರು ಓಡಿಸಬೇಡಿ, ಉರಿಯದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅದನ್ನು ಸುಡುತ್ತೆ. ಇನ್ನು ಆ ಸ್ಟಾಪ್ ಸ್ಕ್ರೂ ತಲೆಯ ಮೇಲೆ ಬಣ್ಣದ ಗುರುತು ಇದ್ದರೆ ಅದು ಒಡೆದಿದೆಯಾ ನೋಡಿ. ಒಡೆದಿದ್ದರೆ ನಿಮಗಿಂತ ಮುಂಚೆ ಯಾರೋ ನನ್ನ ಕೆಲಸವನ್ನೇ ಮಾಡಿಟ್ಟಿದ್ದಾರೆ.