ಓದುಗರ ಪ್ರಶ್ನೆ: ನಮ್ಮ ಬ್ರಾಂಡ್, ಹೊರದೇಶದ ಗೆಳೆಯರು

ಪ್ರಶ್ನೆ: ಮಗಳು ಜರ್ಮನಿಯಲ್ಲಿ ಓದುತ್ತಿದ್ದಾಳೆ. ಮೈಸೂರು ಸ್ಯಾಂಡಲ್, ನಂದಿನಿ, ಎಂಟಿಆರ್ ಎಂದರೇನೆಂದು ಗೆಳತಿಯರು ಕೇಳುತ್ತಾರಂತೆ. ‘ನಿಮ್ಮಲ್ಲಿನ ಇಂಥ ಕಂಪನಿ ಇದ್ದಹಾಗೆ’ ಎಂದುಬಿಟ್ಟರೆ ಸಾಕಲ್ಲವೇ?
– ಓದುಗರು, ಕುಮಟಾ

ಉತ್ತರ: ಸಾಲದು. ಹಾಗೆ ಹೇಳಿದರೆ ನಂದಿನಿಯೂ ಯಾರೋ ಸಾಹುಕಾರರ ಕಂಪನಿ ಎಂದುಕೊಳ್ಳುತ್ತಾರೆ. ಮಾಲಿಕರು ಯಾರು, ಮನೆಯಲ್ಲಿ ಯಾವಾಗ ಬಳಸುತ್ತೇವೆ ಎಂಬುದನ್ನು ಮೊದಲು ಹೇಳಲಿ.

ಜರ್ಮನಿಯವರಿಗೆ ಮೈಸೂರು ಸ್ಯಾಂಡಲ್‌ನಿಂದ ಶುರುಮಾಡುವುದು ಒಳ್ಳೆಯದು. ನಮ್ಮ ಗಂಧದ ಕೊರಡು ಮೊದಲು ಅವರ ದೇಶಕ್ಕೇ ಹೋಗಿ ಎಣ್ಣೆಯಾಗುತ್ತಿತ್ತು. ಮೊದಲ ಮಹಾಯುದ್ಧದಲ್ಲಿ ಆ ದಾರಿ ಮುಚ್ಚಿ ಕೊರಡು ಇಲ್ಲೇ ಉಳಿದಾಗ, ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಕಾಲದ ಮೈಸೂರು ಸರ್ಕಾರವೇ ಎಣ್ಣೆ ತೆಗೆದು, ಸಾಬೂನಿಗೂ ಕೈಹಾಕಿತು. ಇಂದಿಗೂ ಅದು ಸರ್ಕಾರದ್ದೇ. ಡಬ್ಬಿಯ ಮೇಲಿನ ಪ್ರಾಣಿ ಶರಭ: ಸಿಂಹದ ಮೈ, ಆನೆಯ ತಲೆ. ಇದನ್ನು ಕೇಳಿಯೇ ಕೇಳುತ್ತಾರೆ.

ನಂದಿನಿ ಹಾಲು ಹಾಕುವ ರೈತರದ್ದು. ಊರಿನ ಸಂಘ, ಅದರ ಮೇಲೆ ಒಕ್ಕೂಟ (ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಧಾರವಾಡದ್ದು), ಎಲ್ಲಕ್ಕೂ ಮೇಲೆ ಮಹಾಮಂಡಳ. ಗುಂಪಿನಲ್ಲಿ ಸ್ಕಾಟ್ಲೆಂಡ್ ಅಥವಾ ಐರ್ಲೆಂಡಿನ ಕ್ರಿಕೆಟ್ ಹುಚ್ಚರಿದ್ದರೆ ಇನ್ನೂ ಸುಲಭ: 2024ರ ಟಿ20 ವಿಶ್ವಕಪ್‌ನಲ್ಲಿ ಆ ಎರಡೂ ತಂಡಗಳಿಗೆ ನಂದಿನಿಯೇ ಪ್ರಾಯೋಜಕ.

ಎಂಟಿಆರ್ 1924ರಲ್ಲಿ ಹುಟ್ಟಿದ್ದು ಬೆಂಗಳೂರಿನ ಹೋಟೆಲಾಗಿ. ಪ್ಯಾಕೆಟ್ ವ್ಯಾಪಾರ 2007ರಿಂದ ನಾರ್ವೆಯ ಓರ್ಕ್ಲಾ ಕಂಪನಿಯದು. ಹೋಟೆಲು ಮಾತ್ರ ಮೂಲ ಕುಟುಂಬದ ಕೈಯಲ್ಲೇ ಇದೆ. ಅಂದಹಾಗೆ, ಬಾಟಾ ನಮ್ಮದೆಂದು ಅಲ್ಲಿ ಹೇಳಿಬಿಟ್ಟಾಳು. ಅದು 1894ರಲ್ಲಿ ಜೆಕ್ ನಾಡಿನ ಜ್ಲಿನ್‌ನಲ್ಲಿ ಶುರುವಾದದ್ದು.

ಪ್ರಶ್ನೆ: ಹೊರದೇಶಕ್ಕೆ ರವೆ ಇಡ್ಲಿ ಮಿಕ್ಸ್ ಕೊಟ್ಟುಕಳಿಸಿದ್ದೆವು. ಇಡ್ಲಿ ಕಲ್ಲಾಗಿತ್ತಂತೆ. ಏಕೆ?
– ಓದುಗರು, ಶಿರಸಿ

ಉತ್ತರ: ಬಹುಶಃ ಮೊಸರಿನ ದೋಷ. ಮಿಕ್ಸಿನಲ್ಲಿರುವ ಸೋಡಾ ಉಬ್ಬಲು ಹುಳಿ ಬೇಕು. ಅಲ್ಲಿನ ಸಿಹಿ ಅಥವಾ ಹಣ್ಣಿನ ಯೋಗರ್ಟ್ ಹಾಕಿದರೆ ಕೆಲಸವಾಗದು. ಸಪ್ಪೆ ಯೋಗರ್ಟ್ ಕೊಂಡು, ಗಟ್ಟಿಯಿದ್ದರೆ ನೀರು ಬೆರೆಸಿ ನಮ್ಮ ಕಡೆದ ಮೊಸರಿನ ಹದಕ್ಕೆ ತರಬೇಕು. ಅಳತೆ ಪ್ಯಾಕೆಟ್ಟಿನದೇ ಇರಲಿ. ಕಲಸಿದ ಮೇಲೆ ರವೆ ನೆನೆಯಲು ಹತ್ತು ನಿಮಿಷ ಸಾಕು. ಗಂಟೆಗಟ್ಟಲೆ ಇಟ್ಟರೆ ಗಾಳಿಯೆಲ್ಲ ಹೋಗಿ ಹಿಟ್ಟು ಕುಸಿಯುತ್ತದೆ. ಇಡ್ಲಿ ತಟ್ಟೆ ಇಲ್ಲದವರು ಸಣ್ಣ ಸ್ಟೀಲ್ ಬಟ್ಟಲಿಗೆ ಎಣ್ಣೆ ಸವರಿ ಅರ್ಧ ಮಾತ್ರ ತುಂಬಿ, ನೀರು ಕುದಿಯಲು ಹತ್ತಿದ ಮೇಲೆಯೇ ಒಳಗಿಡಲಿ. ಬಟ್ಟಲು ಆಳವಿದ್ದಷ್ಟೂ ಬೇಯಲು ಹೊತ್ತು ಹೆಚ್ಚು ಬೇಕು. ಕಡ್ಡಿ ಚುಚ್ಚಿ ನೋಡಿ ಇಳಿಸಲಿ.

ಪ್ರಶ್ನೆ: ಊರಿನಿಂದ ಜರ್ಮನಿಗೆ ಏನೇನು ಒಯ್ಯಬಹುದು?
– ಓದುಗರು, ಕಾರವಾರ

ಉತ್ತರ: ನಂದಿನಿ ಪೇಡಾ, ತುಪ್ಪ ಬೇಡ. ಹೊರಗಿನ ಪ್ರಯಾಣಿಕರು ಹಾಲಿನ ಪದಾರ್ಥ ತರುವುದನ್ನು ಯುರೋಪಿಯನ್ ಒಕ್ಕೂಟ ನಿಷೇಧಿಸಿದೆ. ವಿಮಾನ ನಿಲ್ದಾಣದಲ್ಲೇ ಕಸದ ಬುಟ್ಟಿ ಸೇರುತ್ತದೆ. ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಮನೆಯ ಬಾಟಲಿಯಲ್ಲಿ ಹಾಕುವ ಬದಲು ಲೇಬಲ್ ಇರುವ, ಸೀಲಾದ ಪ್ಯಾಕೆಟ್ ಕೊಂಡು, ಮೇಲೆ ಎರಡು ಪ್ಲಾಸ್ಟಿಕ್ ಚೀಲ ಸುತ್ತಿ ಚೆಕ್‌ಇನ್ ಬ್ಯಾಗಿಗೆ ಹಾಕಿ. ಕೈಚೀಲದಲ್ಲಿಟ್ಟರೆ ಅದರ ರಸವನ್ನೂ ದ್ರವವೆಂದೇ ಲೆಕ್ಕ ಹಾಕಿ ತಡೆಯುತ್ತಾರೆ. ಸ್ಯಾಂಡಲ್ ಸಾಬೂನನ್ನು ಚಹಾಪುಡಿ, ಬಿಸ್ಕತ್ತಿನಿಂದ ದೂರವಿಡಿ; ಇಲ್ಲವಾದರೆ ಪಾರ್ಲೆ-ಜಿ ಗಂಧ ನಾರುತ್ತದೆ. ಅಡಿಕೆಯನ್ನಂತೂ ಉಡುಗೊರೆ ಕೊಡಲೇಬೇಡಿ, ಶಿರಸಿಯದೇ ಆದರೂ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಅದನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಯಲ್ಲಿಟ್ಟಿದೆ.