ಚಿಕ್ಕಮಗಳೂರಿನ ಹೊಸ ಲೇಔಟ್‌ನಲ್ಲಿ ಮನೆಗೆ ಬ್ರಾಡ್‌ಬ್ಯಾಂಡ್ ಹಾಕಿಸುವುದು ಹೇಗೆ?

ಹೊಸ ಲೇಔಟ್‌ಗೆ ಬಂದಿದ್ದೀರಿ. ವೆಬ್‌ಸೈಟ್‌ನಲ್ಲಿ ಪಿನ್‌ಕೋಡ್ ಹಾಕಿದರೆ ‘ಸೇವೆ ಲಭ್ಯವಿದೆ’ ಅಂತ ತೋರಿಸುತ್ತದೆ, ಬುಕ್ ಮಾಡಿದ ಮೇಲೆ ‘ಸರ್, ನಿಮ್ಮ ಏರಿಯಾ ಫೀಸಿಬಲ್ ಇಲ್ಲ’ ಅಂತ ಫೋನ್ ಬರುತ್ತದೆ. ಮನೆಯಿಂದಲೇ ಆಫೀಸ್ ಕೆಲಸ, ಮೊಬೈಲ್ ಹಾಟ್‌ಸ್ಪಾಟ್ ಸಾಲುತ್ತಿಲ್ಲ, ಏನು ಮಾಡೋದು ಅಂತ ಕೇಳಿದ್ದೀರಿ.

ನಾನಿರುವುದು ಕಡೂರು ರಸ್ತೆ ಕಡೆಯ ಒಂದು ಬಡಾವಣೆಯಲ್ಲಿ. ನಮ್ಮದೂ ಇದೇ ಪಾಡಾಗಿತ್ತು. ಈಗ ಫೈಬರ್, ಅಂದರೆ ಗಾಜಿನ ಎಳೆಯ ಇಂಟರ್ನೆಟ್ ಲೈನ್ ಬಂದಿದೆ, ಹೆಂಡತಿಯ ಮೀಟಿಂಗ್‌ಗಳು ಮಧ್ಯದಲ್ಲಿ ನಿಲ್ಲುವುದು ನಿಂತಿದೆ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ: ಕಾಲ್ ಸೆಂಟರ್‌ನವರ ಜೊತೆ ಜಗಳ ಆಡಿ ಪ್ರಯೋಜನ ಇಲ್ಲ. ನಿಮ್ಮ ಕಡೆ ಕಂಬ ಹತ್ತುವ ಹುಡುಗರು ಯಾರು, ಅವರ ಓನರ್ ಯಾರು ಅಂತ ಪತ್ತೆ ಮಾಡಿ. ಕೆಲಸ ಆಗುವುದು ಅಲ್ಲಿಂದ.

ಪಿನ್‌ಕೋಡ್ ಕಥೆ ಸರಳ. 577101 ಅಂದರೆ ಚಿಕ್ಕಮಗಳೂರು ಟೌನ್‌ನ ದೊಡ್ಡ ಭಾಗವೇ ಬಂತು. ಎಂ.ಜಿ. ರಸ್ತೆಯ ಒಂದು ಅಂಗಡಿಗೆ ಲೈನ್ ಇದ್ದರೂ ಸಾಕು, ವೆಬ್‌ಸೈಟ್‌ನಲ್ಲಿ ಆ ಪಿನ್‌ಕೋಡ್‌ಗೆಲ್ಲ ಹಸಿರು ಟಿಕ್ ಬರುತ್ತದೆ. ನಿಮ್ಮ ಬೀದಿಯಲ್ಲಿ ವೈರ್ ಇದೆಯೋ ಇಲ್ಲವೋ ಅದಕ್ಕೆ ಗೊತ್ತಾಗಲ್ಲ. ಒಂದು ದೊಡ್ಡ ಕಂಪನಿ ನಮ್ಮ ಹತ್ತಿರ ಅಡ್ವಾನ್ಸ್ ತೆಗೆದುಕೊಂಡು, ಆಮೇಲೆ ಆಗಲ್ಲ ಅಂದು, ದುಡ್ಡು ವಾಪಸ್ ಮಾಡಲು ಚೆನ್ನಾಗಿಯೇ ಸತಾಯಿಸಿತು. ಯಾರಾದರೂ ಮನೆ ತನಕ ಬಂದು ಲೈನ್ ಎಲ್ಲಿಂದ ಎಳೆಯುತ್ತಾರೆ ಅಂತ ತೋರಿಸುವವರೆಗೆ ಒಂದು ರೂಪಾಯಿ ಕೊಡಬೇಡಿ.

‘ಟೌನ್‌ನಿಂದ ನಿಮ್ಮ ಲೇಔಟ್ ದೂರ ಆಯ್ತು’ ಅಂತಲೂ ಕೆಲವರು ಹೇಳುತ್ತಾರೆ. ಹಳೇ ತಾಮ್ರದ ಟೆಲಿಫೋನ್ ಲೈನಿಗೆ ಆ ಮಾತು ನಿಜವಾಗಿತ್ತು. ಎಕ್ಸ್‌ಚೇಂಜ್‌ನಿಂದ ದೂರ ಹೋದಷ್ಟೂ ಸ್ಪೀಡ್ ಇಳಿಯುತ್ತಿತ್ತು. ಈಗ ಮನೆಗೆ ಬರುವ ಫೈಬರ್ ಹೆಚ್ಚಾಗಿ ಜೀಪಾನ್ (GPON) ಅನ್ನುವ ತಂತ್ರದ್ದು, ಸಾಮಾನ್ಯವಾಗಿ 20 ಕಿಲೋಮೀಟರ್ ತನಕ ನಡೆಯುತ್ತದೆ. ಅಷ್ಟರಲ್ಲಿ ಇಡೀ ಚಿಕ್ಕಮಗಳೂರು ಟೌನ್, ಸುತ್ತಲಿನ ಹಳ್ಳಿಗಳು ಎಲ್ಲ ಬಂದುಬಿಡುತ್ತವೆ. ದೂರ ಅಂದರೆ ಇಲ್ಲಿ ಖರ್ಚು ಅಂತ ತಿಳಿದುಕೊಳ್ಳಿ.

ಆ ಖರ್ಚಿನ ಲೆಕ್ಕ ನಿಮಗೆ ಅರ್ಥ ಆದರೆ ಅರ್ಧ ಕೆಲಸ ಮುಗಿದಂತೆ. ನಮ್ಮಂಥ ಊರುಗಳಲ್ಲಿ ಬಿಎಸ್ಎನ್ಎಲ್ ಫೈಬರ್ ಕೂಡ ಹೆಚ್ಚಾಗಿ ಸ್ಥಳೀಯ ಪಾಲುದಾರರ ಮೂಲಕವೇ ಮನೆಗೆ ಬರುವುದು. ತುಂಬಾ ಕಡೆ ಅವರು ಹಿಂದೆ ಟಿವಿ ಕೇಬಲ್ ಕೊಡುತ್ತಿದ್ದವರೇ. ವೈರ್ ಎಳೆಯುವ ಖರ್ಚು ಅವರದು, ತಿಂಗಳ ಬಿಲ್ಲಿನಲ್ಲಿ ಅವರಿಗೊಂದು ಪಾಲು. ಅವರ ತಲೆಯಲ್ಲಿ ಓಡುವುದು ಇಷ್ಟೇ: ಮೇನ್ ರೋಡಿನಿಂದ ನಿಮ್ಮ ಲೇಔಟ್ ತನಕ ಕೇಬಲ್ ಎಳೆಯಬೇಕು, ಒಂದು ಬಾಕ್ಸ್ ಕೂರಿಸಬೇಕು, ಅದರಲ್ಲಿ ಸಾಮಾನ್ಯವಾಗಿ ಎಂಟು ಪೋರ್ಟ್, ಅಂದರೆ ಎಂಟು ಮನೆಗೆ ಜಾಗ ಇರುತ್ತದೆ. ಒಂದು ಮನೆಗೆ ಕನೆಕ್ಷನ್ ಕೊಟ್ಟು ಏಳು ಪೋರ್ಟ್ ಖಾಲಿ ಬಿಟ್ಟರೆ ಹಾಕಿದ ದುಡ್ಡು ಯಾವಾಗ ವಾಪಸ್ ಬರಬೇಕು? ಅದಕ್ಕೇ ‘ಫೀಸಿಬಲ್ ಇಲ್ಲ’. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ.

ಹಾಗಾಗಿ ಒಬ್ಬರೇ ಹೋಗಬೇಡಿ. ಲೇಔಟ್‌ನಲ್ಲಿ ಈಗಾಗಲೇ ವಾಸ ಇರುವವರು, ಮನೆ ಕಟ್ಟಿಸುತ್ತಿರುವವರು, ಇಬ್ಬರನ್ನೂ ಸೇರಿಸಿ. ಕಟ್ಟಿಸುತ್ತಿರುವವರು ಸೈಟಿಗೆ ಬರುವುದು ಭಾನುವಾರ, ಕ್ಯೂರಿಂಗ್ ಆಗಿದೆಯಾ ಅಂತ ನೋಡೋಕೆ. ಆವಾಗ ಹಿಡಿದುಕೊಳ್ಳಿ. ನಮ್ಮಲ್ಲಿ ಒಂದು ಹಾಳೆಯಲ್ಲಿ ಸೈಟ್ ನಂಬರ್, ಹೆಸರು, ಫೋನ್, ಯಾವ ತಿಂಗಳಿಂದ ಕನೆಕ್ಷನ್ ಬೇಕು ಅಂತ ಬರೆಸಿಕೊಂಡೆವು. ಜೊತೆಗೆ ಲೇಔಟ್ ನಕ್ಷೆಯ ಜೆರಾಕ್ಸ್. ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರೂ ‘ನಮಗೂ ಬೇಕು’ ಅಂತ ಹೆಬ್ಬೆಟ್ಟು ಒತ್ತುತ್ತಾರೆ, ಆದರೆ ಕೇಬಲ್‌ನವರು ಅದನ್ನು ನಂಬಲ್ಲ. ಕಾಗದದ ಮೇಲೆ ಹೆಸರು ಕಂಡಾಗ ಅವರೇ ಬೈಕ್ ಹತ್ತಿ ನೋಡೋಕೆ ಬಂದರು.

ಅವರನ್ನು ಹುಡುಕುವುದು ಹೇಗೆ ಅಂದರೆ, ನಿಮಗೆ ಹತ್ತಿರದಲ್ಲಿ ಫೈಬರ್ ಇರುವ ಮನೆಗೆ ಹೋಗಿ ಬಿಲ್ ಯಾರಿಗೆ ಕಟ್ಟುತ್ತೀರಿ, ರಿಪೇರಿಗೆ ಯಾರು ಬರುತ್ತಾರೆ ಅಂತ ಕೇಳಿ. ಹತ್ತಿರದಲ್ಲಿ ಹೋಮ್‌ಸ್ಟೇ ಇದ್ದರೆ ಇನ್ನೂ ಒಳ್ಳೆಯದು. ನಮ್ಮ ಜಿಲ್ಲೆಯಲ್ಲಿ ರಸ್ತೆಗಿಂತ ಮೊದಲು ಹೋಮ್‌ಸ್ಟೇಗೆ ವೈಫೈ ಬರುತ್ತದೆ! ಅಲ್ಲಿಗೆ ಹೋದ ಲೈನ್ ನಿಮ್ಮ ಲೇಔಟ್ ಪಕ್ಕದಲ್ಲೇ ಹಾದು ಹೋಗಿರಬಹುದು. ಇನ್ನು ನಿಮ್ಮ ಲೇಔಟ್ ನಗರಸಭೆ ಗಡಿಯ ಹೊರಗೆ, ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿದ್ದರೆ ಪಂಚಾಯಿತಿ ಆಫೀಸಿನಲ್ಲಿ ಭಾರತ್‌ನೆಟ್ (ಪಂಚಾಯಿತಿಗಳಿಗೆ ಇಂಟರ್ನೆಟ್ ತಲುಪಿಸುವ ಕೇಂದ್ರದ ಯೋಜನೆ) ಫೈಬರ್ ಬಂದಿದೆಯಾ, ಚಾಲೂ ಇದೆಯಾ ಅಂತ ವಿಚಾರಿಸಿ. ಚಾಲೂ ಇದ್ದರೆ ಅಲ್ಲಿಂದ ಮನೆಗಳಿಗೆ ಕನೆಕ್ಷನ್ ಕೊಡಲು ಅವಕಾಶ ಇದೆ.

ಈಗ ಕಂಬದ ವಿಷಯ. ನಮ್ಮಲ್ಲಿ ಜಾಸ್ತಿ ತಲೆನೋವು ಕೊಟ್ಟಿದ್ದು ಇದೇ, ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಹಲವು ಹೊಸ ಲೇಔಟ್‌ಗಳಲ್ಲಿ ಕರೆಂಟ್ ನೆಲದ ಕೆಳಗೆ. ನೋಡೋಕೆ ಚೆಂದ, ಬ್ರೋಷರ್‌ನಲ್ಲಿ ಇನ್ನೂ ಚೆಂದ. ಆದರೆ ಕಂಬವೇ ಇಲ್ಲದಿದ್ದರೆ ಕೇಬಲ್‌ನವರು ವೈರ್ ಎಲ್ಲಿಗೆ ಕಟ್ಟಬೇಕು? ಬೀದಿ ದೀಪದ ಕಂಬಗಳು ಮಾತ್ರ ಇರುತ್ತವೆ. ಅವು ದೂರ ದೂರ, ಎತ್ತರವೂ ಕಮ್ಮಿ. ಇಟ್ಟಿಗೆ ಲಾರಿ ಬಂದರೆ ವೈರ್ ಎಳೆದುಕೊಂಡೇ ಹೋಗುತ್ತದೆ. ಹೊರಗಿನ ರಸ್ತೆಯಲ್ಲಿ ಮೆಸ್ಕಾಂ ಕಂಬ ಇದ್ದರೂ ಅನುಮತಿ ಇಲ್ಲದೆ ಅದಕ್ಕೆ ಕಟ್ಟುವಂತಿಲ್ಲ. ಕಟ್ಟಿದರೆ ಯಾವತ್ತಾದರೂ ಒಂದು ದಿನ ಕತ್ತರಿಸಿ ಕೆಳಗೆ ಬಿಡುತ್ತಾರೆ, ಲೈನ್‌ಮ್ಯಾನ್‌ಗಳ ಜೀವದ ಪ್ರಶ್ನೆ, ತಪ್ಪು ಅನ್ನುವ ಹಾಗಿಲ್ಲ. ಆದ್ದರಿಂದ ಆಪರೇಟರ್‌ಗೆ ಕಂಬದ ಅನುಮತಿ ಇದೆಯಾ ಅಂತ ಮೊದಲೇ ಕೇಳಿ. ‘ಅದೆಲ್ಲ ನಾವು ನೋಡ್ಕೋತೀವಿ ಸರ್’ ಅಂದರೆ ಇಲ್ಲ ಅಂತ ಅರ್ಥ.

ನೆಲದ ಕೆಳಗೆ ಪೈಪ್ ಹಾಕಿ ಎಳೆಯಬಹುದಲ್ಲ ಅಂತೀರಾ? ರಸ್ತೆ ಅಗೆಯಲು ಒಪ್ಪಿಗೆ ಕೊಡುವವರು ಯಾರು ಅನ್ನುವುದೇ ಹೊಸ ಲೇಔಟ್‌ನಲ್ಲಿ ಗೊಂದಲ. ರಸ್ತೆ, ಪಾರ್ಕು ಇನ್ನೂ ಹಸ್ತಾಂತರ ಆಗಿರದಿದ್ದರೆ ಲೇಔಟ್ ಮಾಡಿದವರನ್ನೇ ಕೇಳಬೇಕು. ಹಸ್ತಾಂತರ ಆಗಿದ್ದರೆ ನಗರಸಭೆ ಅಥವಾ ಪಂಚಾಯಿತಿ. ಎರಡರ ಮಧ್ಯೆ ಇದ್ದರೆ ಇಬ್ಬರೂ ಅವರನ್ನ ಕೇಳಿ ಅಂತ ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ. ಟೆಲಿಕಾಂ ಕಂಪನಿಗಳು ಸರ್ಕಾರಿ ಜಾಗದಲ್ಲಿ ಕೇಬಲ್ ಹಾಕಲು ಅರ್ಜಿ ಹಾಕುವ ಕ್ರಮಕ್ಕೆ 2024ರ ರೈಟ್ ಆಫ್ ವೇ ನಿಯಮಗಳಿವೆ, 2025ರ ಜನವರಿ 1ರಿಂದ ಜಾರಿಯಲ್ಲಿವೆ. ಆದರೆ ಅರ್ಜಿ ಹಾಕಬೇಕಾದವರು ಕಂಪನಿಯವರು, ನಾವಲ್ಲ. ನಾವು ಮಾಡಬಹುದಾದ್ದು ಸಂಘದ ಲೆಟರ್‌ಹೆಡ್‌ನಲ್ಲಿ ‘ನಮ್ಮ ತಕರಾರಿಲ್ಲ’ ಅಂತ ಪತ್ರ ಕೊಡುವುದು. ಸಂಘ ಇಲ್ಲದಿದ್ದರೆ ಮಾಡಿಕೊಳ್ಳಿ, ನೀರು, ಕಸ, ಬೀದಿ ನಾಯಿ ಎಲ್ಲದಕ್ಕೂ ಬೇಕಾಗುತ್ತದೆ.

ಲೇಔಟ್ ಮಾಡಿದವರನ್ನೂ ಸುಮ್ನೆ ಬಿಡಬೇಡಿ. ನಮ್ಮ ಬ್ರೋಷರ್‌ನಲ್ಲಿ ‘ಇಂಟರ್ನೆಟ್ ಡಕ್ಟ್ ಸೌಲಭ್ಯ’ ಅಂತ ಬಣ್ಣದಲ್ಲಿ ಅಚ್ಚಾಗಿತ್ತು. ಹುಡುಕಿದರೆ ಮುಖ್ಯ ರಸ್ತೆಯ ಉದ್ದಕ್ಕೆ ಪೈಪ್ ಇತ್ತು, ಕ್ರಾಸ್‌ಗಳಲ್ಲಿ ಇರಲಿಲ್ಲ, ಚೇಂಬರ್‌ಗಳಲ್ಲಿ ಮಣ್ಣು ತುಂಬಿ ಹುಲ್ಲು ಬೆಳೆದಿತ್ತು. ಸೈಟು, ಮನೆ ಕೊಳ್ಳುವವರ ರಕ್ಷಣೆಗಿರುವ 2016ರ ರೇರಾ ಕಾಯ್ದೆಯ 12ನೇ ಸೆಕ್ಷನ್ ಜಾಹೀರಾತಿನಲ್ಲಿ ಸುಳ್ಳು ಹೇಳಿ ಮಾರುವುದರ ಬಗ್ಗೆಯೇ ಇದೆ. ಅದನ್ನು ನಂಬಿ ನಷ್ಟ ಆದವರಿಗೆ ಪ್ರಮೋಟರ್ ಪರಿಹಾರ ಕೊಡಬೇಕು. ನಾವು ದೂರು ಕೊಡುವ ತನಕ ಹೋಗಲಿಲ್ಲ. ಬ್ರೋಷರ್ ಪ್ರತಿ ಲಗತ್ತಿಸಿ, ಸೆಕ್ಷನ್ ನಂಬರ್ ಹಾಕಿ ಸಂಘದಿಂದ ಒಂದು ಪತ್ರ ಬರೆದೆವು. ಜೆಸಿಬಿ ಬಂತು, ಚೇಂಬರ್ ಕ್ಲೀನ್ ಆಯ್ತು, ಕ್ರಾಸ್‌ಗಳಿಗೂ ಪೈಪ್ ಬಿತ್ತು. ನಿಮ್ಮ ಬ್ರೋಷರ್ ಮನೆಯಲ್ಲೆಲ್ಲೋ ಇರುತ್ತದೆ, ಹುಡುಕಿ ಇಟ್ಟುಕೊಳ್ಳಿ.

ಲೈನ್ ಹಾಕುವ ದಿನ ಮನೆಯಲ್ಲೇ ಇರಿ, ಬಾಕ್ಸ್ ಹತ್ತಿರ ನಿಂತು ನೋಡಿ. ನಮ್ಮಲ್ಲಿಗೆ ಬಂದ ಹುಡುಗ ಮೋರಿ ಕಟ್ಟೆ ಮೇಲೆ ಕೂತು, ಮೇಲೊಂದು ಛತ್ರಿ ಕಟ್ಟಿಕೊಂಡು ಜಾಯಿಂಟ್ ಹಾಕಿದ. ಒಳಗಿನ ಗಾಜಿನ ಎಳೆ 125 ಮೈಕ್ರಾನ್ ಅಷ್ಟೇ, ಬೆಳಕಿಗೆ ಹಿಡಿದರೆ ಮಾತ್ರ ಕಾಣುತ್ತದೆ. ಮೇಲಿನ ಸಿಪ್ಪೆ ಸುಲಿದು, ಸ್ಪಿರಿಟ್ ಹಚ್ಚಿದ ಬಟ್ಟೆಯಲ್ಲಿ ಒರೆಸಿ, ಒಂದು ಪುಟ್ಟ ಕಟರ್‌ನಲ್ಲಿ ತುದಿ ನೇರ ಮಾಡಿದ. ಜಾಯಿಂಟ್ ಹಾಕುವ ಮೆಷಿನ್‌ನ ಸ್ಕ್ರೀನ್ ಮೇಲೆ ಎರಡು ಬಿಳಿ ಗೆರೆ ಎದುರಾಬದುರು ಬಂದು, ಒಂದು ಕಿಡಿ ಹಾರಿ, ಒಂದೇ ಗೆರೆ ಆಯ್ತು. ಗಾಳಿ ಜೋರಾದಾಗ ಒಂದು ಜಾಯಿಂಟ್ ಸರಿ ಬರಲಿಲ್ಲ. ಕತ್ತರಿಸಿ ಮತ್ತೆ ಹಾಕಿದ. ಕೆಲವರು ಈ ಮೆಷಿನ್ ಇಲ್ಲದೆ ಪ್ಲಾಸ್ಟಿಕ್ ಕನೆಕ್ಟರ್ ಒತ್ತಿ ಹೋಗಿಬಿಡುತ್ತಾರೆ, ಮನೆಯೊಳಗೆ ಪರವಾಗಿಲ್ಲ, ಹೊರಗೆ ಮಳೆಗೆ ಸಿಗುವ ಜಾಗದಲ್ಲಿ ಒಪ್ಪಬೇಡಿ.

ಮುಗಿದ ಮೇಲೆ, ಎಳೆಯಲ್ಲಿ ಬೆಳಕು ಎಷ್ಟು ಬರುತ್ತಿದೆ ಅಂತ ಅಳೆಯುವ ಪವರ್ ಮೀಟರ್ ಹಚ್ಚಿ ತೋರಿಸಲು ಹೇಳಿ. ರೀಡಿಂಗ್ ಡಿಬಿಎಂ (dBm) ಲೆಕ್ಕದಲ್ಲಿ, ಮೈನಸ್‌ನಲ್ಲಿ ಇರುತ್ತದೆ. -18, -20 ಬಂದರೆ ಆರಾಮ. -25 ದಾಟಿದರೆ ಎಲ್ಲೋ ಜಾಯಿಂಟ್ ಕೆಟ್ಟಿದೆ ಅಥವಾ ವೈರ್ ಮಡಚಿಕೊಂಡಿದೆ. -27 ಆಸುಪಾಸಿಗೆ ಬಂದರೆ ಮೋಡೆಮ್‌ನಲ್ಲಿ ಕೆಂಪು ಲೈಟ್ ಮಿಣುಕಲು ಶುರು. ಆ ನಂಬರ್ ಬರೆದಿಟ್ಟುಕೊಳ್ಳಿ. ಮುಂದೆ ಸ್ಪೀಡ್ ಇಲ್ಲ ಅಂತ ಫೋನ್ ಮಾಡಿದಾಗ ‘ಅವತ್ತು -19 ಇತ್ತು, ಈಗ ಎಷ್ಟಿದೆ ನೋಡಿ’ ಅಂದರೆ ಆಚೆಯವರ ಧ್ವನಿಯೇ ಬದಲಾಗುತ್ತದೆ.

ಪ್ಲಾನ್ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ವಿಡಿಯೋ ಮೀಟಿಂಗ್‌ಗೆ 3–4 ಎಂಬಿಪಿಎಸ್ ಸಾಕು, ಅದು ಎರಡೂ ಕಡೆಗೆ ಸ್ಥಿರವಾಗಿ ಸಿಗಬೇಕು ಅಷ್ಟೇ. 300 ಎಂಬಿಪಿಎಸ್ ಪ್ಲಾನ್ ತೆಗೆದುಕೊಂಡು ದಿನಕ್ಕೆ ನಾಲ್ಕು ಸಲ ಕಟ್ ಆಗುವುದಕ್ಕಿಂತ ಕಟ್ ಆಗದ 50 ಮೇಲು. ಜಾಹೀರಾತಿನ ದರಕ್ಕೆ ಸಾಮಾನ್ಯವಾಗಿ 18% ಜಿಎಸ್‌ಟಿ ಬೇರೆ ಸೇರುತ್ತದೆ, 499 ಅಂದದ್ದು 589 ಆಗುತ್ತದೆ. ಮೋಡೆಮ್ ನಿಮ್ಮದೋ ಅವರದೋ ಅನ್ನುವುದನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಅಲ್ಲಿಯ ತನಕ ಏನು ಅಂದರೆ, ಏರ್‌ಫೈಬರ್. ಜಿಯೋ, ಏರ್‌ಟೆಲ್ ಎರಡೂ 2023ರಲ್ಲಿ ಶುರು ಮಾಡಿದವು. ಟೆರೇಸ್ ಮೇಲೆ ಒಂದು ಡಬ್ಬ ಕೂರಿಸಿ 5ಜಿ ಸಿಗ್ನಲ್ ಹಿಡಿದು ಮನೆಯೊಳಗೆ ವೈಫೈ ಕೊಡುತ್ತಾರೆ. ಕಂಬ ಬೇಡ, ಡಕ್ಟ್ ಬೇಡ. ಆದರೆ ನಮ್ಮ ಊರು ಏರು ತಗ್ಗಿನದು. ಮುಂದಿನ ಮನೆಗೆ ಫುಲ್ ಸಿಗ್ನಲ್, ಹಿಂದಿನ ತಗ್ಗಿನ ಮನೆಗೆ ಏನೂ ಇಲ್ಲ. ಬುಕ್ ಮಾಡುವ ಮೊದಲು ಆ ಕಂಪನಿಯ ಸಿಮ್ ಇರುವ 5ಜಿ ಫೋನ್ ಹಿಡಿದು ಟೆರೇಸ್ ಹತ್ತಿ, ರಾತ್ರಿ ಎಂಟರಿಂದ ಹತ್ತರ ಒಳಗೆ ಸ್ಪೀಡ್ ನೋಡಿ. ಮಧ್ಯಾಹ್ನ ನೋಡಿದರೆ ಎಲ್ಲ ಚೆನ್ನಾಗಿಯೇ ಕಾಣುತ್ತದೆ. ಅಪ್‌ಲೋಡ್ ಎಷ್ಟು ಅಂತ ಮರೆಯದೆ ನೋಡಿ, ಮೀಟಿಂಗ್‌ನಲ್ಲಿ ಕೈ ಕೊಡುವುದು ಅದೇ. ಪ್ಲಾನ್‌ನಲ್ಲಿ ತಿಂಗಳ ಡೇಟಾ ಮಿತಿ ಎಷ್ಟು ಅಂತಲೂ ಕೇಳಿ. ನಾವು ಫೈಬರ್ ಬರುವ ತನಕ ಇದರಲ್ಲೇ ದೂಡಿದೆವು, ಕೆಟ್ಟದ್ದೇನಲ್ಲ.

ಮಳೆ ಬಂದರೆ ಏರ್‌ಫೈಬರ್ ಹೋಗುತ್ತದೆ ಅಂತ ಹೇಳುವವರಿದ್ದಾರೆ. ಮಳೆ ಹನಿಯಿಂದ ಈ 5ಜಿ ಸಿಗ್ನಲ್‌ಗೆ ಅಂಥ ತೊಂದರೆ ಏನಿಲ್ಲ. ಹೋಗುವುದು ಟವರ್‌ನ ಕರೆಂಟು. ಜುಲೈನಲ್ಲಿ ಗಾಳಿಗೆ ಲೈನ್ ಮೇಲೆ ಮರ ಬಿದ್ದು ಕರೆಂಟ್ ಬರುವುದೇ ಇಲ್ಲ, ಟವರ್‌ನ ಬ್ಯಾಟರಿ ಎಷ್ಟು ಹೊತ್ತು ತಡೆದೀತು? ಫೈಬರ್‌ಗೆ ಬೇರೆ ಕಷ್ಟ. ಟೌನ್ ದಾಟಿದ ಮೇಲೆ ಕೇಬಲ್‌ನವರು ಕಂಬ ಸಿಗದ ಕಡೆ ತೋಟದ ಸಿಲ್ವರ್ ಮರಕ್ಕೇ ಕಟ್ಟಿ ಬಂದಿರುತ್ತಾರೆ. ಕೊಂಬೆ ಬಿತ್ತು, ವೈರ್ ಹೋಯ್ತು. ಬೇಸಿಗೆಯಲ್ಲಿ ಕೋತಿಗಳು ಜೋತಾಡಿ ಹರಿಯುತ್ತವೆ. ನಿಮ್ಮ ಲೈನ್ ಯಾವ ದಾರಿಯಲ್ಲಿ ಬರುತ್ತದೆ ಅಂತ ಒಮ್ಮೆ ಬೈಕಿನಲ್ಲಿ ಹೋಗಿ ನೋಡಿಕೊಂಡು ಬನ್ನಿ, ಆಮೇಲೆ ಎಲ್ಲಿ ಕಡಿದಿದೆ ಅಂತ ಹೇಳಲು ಅನುಕೂಲ.

ಮನೆಯ ಮೋಡೆಮ್‌ಗೆ 12 ವೋಲ್ಟಿನ ಪುಟ್ಟ ಯುಪಿಎಸ್ ಸಿಗುತ್ತದೆ, ಹಾಕಿಸಿಕೊಳ್ಳಿ. ಗಾಜಿನ ಎಳೆಯಲ್ಲಿ ಸಿಡಿಲು ಹರಿದು ಬರಲ್ಲ ನಿಜ, ಆದರೆ ಕರೆಂಟ್ ಲೈನಿನಲ್ಲಿ ಬರುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಮೋಡೆಮ್‌ನ ಅಡಾಪ್ಟರ್ ಸುಡುವುದು ಇಲ್ಲಿ ಮಾಮೂಲು. ಗುಡುಗು ಶುರುವಾದರೆ ಪ್ಲಗ್ ಕಿತ್ತುಬಿಡಿ.

ಬೇಗ ಹಾಳೆ ಹಿಡಿದು ಹೊರಟು, ಮೇ ಒಳಗೆ ಲೈನ್ ಎಳೆಸಿಬಿಡಲು ನೋಡಿ. ಜೂನ್ ಹಿಡಿದರೆ ಕಂಬ ಹತ್ತುವವರೂ ಸಿಗಲ್ಲ, ಅಗೆದ ಗುಂಡಿಯಲ್ಲಿ ನೀರು ನಿಂತು ಸೆಪ್ಟೆಂಬರ್ ತನಕ ಕೆಲಸ ಮುಂದೆ ಹೋಗುತ್ತದೆ. ನಿಮ್ಮ ಲೇಔಟ್ ಯಾವ ರಸ್ತೆ ಕಡೆ, ಕರೆಂಟ್ ಕಂಬದಲ್ಲೋ ನೆಲದಡಿಯೋ ಅಂತ ತಿಳಿಸಿದರೆ ಯಾರನ್ನು ಕೇಳಬಹುದು ಅಂತ ಇನ್ನಷ್ಟು ಹೇಳಬಲ್ಲೆ.